ಟೈಟ್ ಮಾಡಿದರೆ ಸಾಲದು: ಹಳೆಯ ಯೆಜ್ಡಿಯ ಕೋನ್ ಸೆಟ್ ಬದಲಿಸುವ ಬಗೆ

ಹಳೆಯ ಜಾವಾ ಅಥವಾ ಯೆಜ್ಡಿ ಇಟ್ಟುಕೊಂಡವರಿಗೆ ಎಂಜಿನ್ ಬಗ್ಗೆ ಹೇಳಿಕೊಡಬೇಕಾದ್ದು ಹೆಚ್ಚೇನಿಲ್ಲ. ಪ್ಲಗ್ ಕಪ್ಪಾಗಿದೆಯೋ, ಪಾಯಿಂಟ್ ಸವೆದಿದೆಯೋ ಎಂದು ಸದ್ದು ಕೇಳಿಯೇ ಹೇಳುತ್ತಾರೆ. ಆದರೆ ಅದೇ ಗಾಡಿಯ ಹ್ಯಾಂಡಲ್ ಕೆಳಗೆ, ಫ್ರೇಮಿನ ಕತ್ತಿನೊಳಗೆ, ಒಂದು ಹಿಡಿಯಷ್ಟು ಉಕ್ಕಿನ ಗುಂಡುಗಳಿವೆ. ಅವುಗಳ ಕಡೆ ಗಮನ ಹೋಗುವುದು ಕಡಿಮೆ. ಅವು ಕಣ್ಣಿಗೆ ಬೀಳುವುದಿಲ್ಲ, ಒಂದೇ ದಿನ ಕೈಕೊಡುವುದೂ ಇಲ್ಲ. ವರ್ಷಗಟ್ಟಲೆ ನಿಧಾನವಾಗಿ ಹಾಳಾಗುತ್ತವೆ. ಓಡಿಸುವವರೂ ಅಷ್ಟೇ ನಿಧಾನವಾಗಿ ಆ ದೋಷಕ್ಕೆ ಹೊಂದಿಕೊಂಡುಬಿಡುತ್ತಾರೆ. ಗಾಡಿ ತುಸು ಅತ್ತಿತ್ತ ಎಳೆಯುವುದು, ಮುಂದಿನ ಬ್ರೇಕ್ ಹಿಡಿದಾಗ ‘ಟಕ್’ ಎನ್ನುವುದು ಹಳೆಯ ಗಾಡಿಯ ಸ್ವಭಾವ ಎಂದೇ ಅಂದುಕೊಳ್ಳುತ್ತಾರೆ.

ಅದು ಸ್ವಭಾವವಲ್ಲ, ದೋಷ. ಮುಂಬೈ, ಪುಣೆಯ ಟ್ರಾಫಿಕ್‌ನಲ್ಲಿ ಮುಂದಿನ ಬಸ್ಸು ದಿಢೀರನೆ ನಿಂತಾಗ ಗಾಡಿ ನೀವು ತಿರುಗಿಸಿದ ಕಡೆ ತಿರುಗುತ್ತದೋ ಇಲ್ಲವೋ ಎಂಬುದು ಈ ಗುಂಡುಗಳ ಮೇಲೆ ನಿಂತಿದೆ. ವರ್ಕ್‌ಶಾಪಿನ ಭಾಷೆಯಲ್ಲಿ ಇದಕ್ಕೆ ‘ಕೋನ್ ಸೆಟ್’ ಎಂದು ಹೆಸರು. ಕೆಲವರು ‘ಬಾಲ್ ರೇಸರ್’ ಎನ್ನುತ್ತಾರೆ. ಹಿಂದಿ, ಮರಾಠಿ ಮಾತಾಡುವ ಮೆಕ್ಯಾನಿಕ್‌ಗಳಿಗೆ ಗುಂಡು ಎಂದರೆ ‘ಛರ್ರಾ’. ದೇಶದ ಯಾವ ಊರಿನ ಅಂಗಡಿಯಲ್ಲಾದರೂ ‘ಕೋನ್ ಸೆಟ್’ ಎಂದರೆ ಕೆಲಸ ನಡೆಯುತ್ತದೆ.

ಮೈಸೂರಿನ ಗಾಡಿ, ದೂರದ ಊರು

ಯೆಜ್ಡಿಯ ಮಾತು ಬಂದಾಗ ಮೈಸೂರಿನ ಮಾತು ಬರಲೇಬೇಕು. ಚೆಕ್ ದೇಶದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಉತ್ಪಾದನೆ ಆರಂಭಿಸಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಲಿವರ್, ದೂರದಿಂದಲೇ ಗೊತ್ತಾಗುವ ಆ ಸದ್ದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ ಜಾವಾ, ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದಿವೆ; ಆದರೆ ಅವು ಬೇರೆಯೇ ಗಾಡಿಗಳು. ಅವುಗಳ ಬಿಡಿಭಾಗ ಹಳೆಯದಕ್ಕೆ ಕೂರುವುದಿಲ್ಲ.

ಎಂದರೆ ಮೈಸೂರಿನಿಂದ ಹೊರಬಂದ ಅತ್ಯಂತ ಹೊಸ ಯೆಜ್ಡಿಗೂ ಈಗ ಕಾಲು ಶತಮಾನ ದಾಟಿದೆ. ಊರಲ್ಲಿ ಅಪ್ಪ ಓಡಿಸುತ್ತಿದ್ದ ಗಾಡಿಯನ್ನು ಲಾರಿಗೋ ರೈಲಿಗೋ ಹಾಕಿಸಿಕೊಂಡು ಪುಣೆಗೆ, ಹೈದರಾಬಾದಿಗೆ ತಂದುಕೊಂಡವರು ನಮ್ಮಲ್ಲಿ ಇದ್ದಾರೆ. ಬಣ್ಣ ಹೊಡೆಸುತ್ತಾರೆ, ಕ್ರೋಮ್ ಮಾಡಿಸುತ್ತಾರೆ, ಎಂಜಿನ್ ಬೋರ್ ಮಾಡಿಸುತ್ತಾರೆ. ಕೋನ್ ಸೆಟ್ ಮಾತ್ರ ಅಪ್ಪನ ಕಾಲದ್ದೇ ಉಳಿದಿರುತ್ತದೆ.

ನೇರ ದಾರಿಯೇ ಶತ್ರು

ಒಳಗಿನ ರಚನೆ ಸರಳ. ಫ್ರೇಮಿನ ಮುಂಭಾಗದಲ್ಲಿ ಒಂದು ದಪ್ಪ ಕೊಳವೆ ಇದೆ. ಅದರ ಮೇಲಿನ ಮತ್ತು ಕೆಳಗಿನ ಬಾಯಿಗೆ ಒಂದೊಂದು ಉಕ್ಕಿನ ಬಟ್ಟಲು ಬಡಿದು ಕೂರಿಸಿರುತ್ತಾರೆ. ಫೋರ್ಕಿಗೆ ಸೇರಿದ ಕಂಬ, ಅಂದರೆ ಸ್ಟೆಮ್, ಈ ಕೊಳವೆಯೊಳಗೆ ಹಾಯ್ದು ಹೋಗುತ್ತದೆ. ಕಂಬದ ಬುಡದಲ್ಲಿ ಒಂದು ಕೋನ್, ಮೇಲೆ ಇನ್ನೊಂದು ಕೋನ್. ಬಟ್ಟಲಿಗೂ ಕೋನ್‌ಗೂ ನಡುವೆ ಬಿಡಿ ಗುಂಡುಗಳ ಸಾಲು. ಹ್ಯಾಂಡಲ್ ತಿರುಗಿದಾಗ ಈ ಗುಂಡುಗಳು ಉರುಳಬೇಕು.

ಆದರೆ ಅವು ಉರುಳುವುದೇ ಅಪರೂಪ. ಚಕ್ರದ ಬೇರಿಂಗ್ ದಿನವಿಡೀ ಸುತ್ತುತ್ತದೆ, ಗ್ರೀಸ್ ಎಲ್ಲ ಕಡೆ ಹರಡುತ್ತದೆ. ಹ್ಯಾಂಡಲ್ ಹಾಗಲ್ಲ. ಗಾಡಿ ಓಡುವಾಗ ಬಹುಪಾಲು ಹೊತ್ತು ಅದು ನೇರವಾಗಿಯೇ ಇರುತ್ತದೆ, ಅತ್ತಿತ್ತ ಒಂದೆರಡು ಡಿಗ್ರಿ ಅಷ್ಟೆ. ರಸ್ತೆಯ ಪ್ರತಿ ಗುಂಡಿ, ಪ್ರತಿ ಹಂಪ್‌ನ ಏಟು ಅದೇ ಗುಂಡು ಅದೇ ಜಾಗಕ್ಕೆ ಬಡಿಯುವಂತೆ ಬೀಳುತ್ತದೆ. ಆ ಜಾಗದಲ್ಲಿದ್ದ ಗ್ರೀಸ್ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ. ವರ್ಷಗಳು ಕಳೆದಂತೆ ಚಪಾತಿ ಹಿಟ್ಟಿನ ಮೇಲೆ ಗೋಲಿ ಒತ್ತಿದ ಹಾಗೆ ಬಟ್ಟಲಿನಲ್ಲಿ ಸಾಲು ಸಾಲು ಗುಳಿ ಬೀಳುತ್ತದೆ. ಮಳೆಗಾಲದ ನೀರು, ವಾಟರ್ ಸರ್ವಿಸ್‌ನಲ್ಲಿ ಪಂಪ್ ಹಿಡಿದು ಕತ್ತಿಗೆ ಹೊಡೆಯುವ ನೀರು ಒಳಗೆ ಹೋಗಿ ಉಳಿದ ಗ್ರೀಸನ್ನೂ ತೊಳೆದು ತುಕ್ಕು ಹಿಡಿಸುತ್ತದೆ.

ಬ್ರೇಕಿನ ಹೊಡೆತ ಬೇರೆ. ಲಿವರ್ ಲೆಕ್ಕದಲ್ಲಿ ನೋಡಿ: ನೆಲದಿಂದ ಕೆಳಗಿನ ಬೇರಿಂಗ್‌ಗೆ ಸುಮಾರು ಎರಡು ಅಡಿ, ಎರಡು ಬೇರಿಂಗ್‌ಗಳ ನಡುವೆ ಅರ್ಧ ಅಡಿಯ ಆಸುಪಾಸು. ಟೈರಿನ ಬಳಿ ಬ್ರೇಕ್ ಹಾಕುವ ಎಳೆತ ಕತ್ತಿನ ಹತ್ತಿರ ಬರುವಾಗ ನಾಲ್ಕೈದು ಪಟ್ಟಾಗಿರುತ್ತದೆ. ಗುಂಡು ತಾಗುವುದು ಸೂಜಿಮೊನೆಯಷ್ಟು ಜಾಗಕ್ಕೆ. ಅಷ್ಟೂ ಭಾರ ಅಲ್ಲೇ ಬೀಳಬೇಕು.

ಟೈಟ್ ಮಾಡಿದರೆ ಆಗುವುದೇನು

ಹ್ಯಾಂಡಲ್ ಅಲ್ಲಾಡುತ್ತಿದೆ ಎಂದು ಗಾಡಿ ಒಯ್ದರೆ ಬಹಳ ಕಡೆ ಸಿಗುವ ಉತ್ತರ ಒಂದೇ: “ಸಾಹೇಬ್, ಕಸ್ ದಿಯಾ.” ಬಿಗಿ ಮಾಡಿ ಕೊಟ್ಟಾಯಿತು. ಐದು ನಿಮಿಷದ ಕೆಲಸ. ‘ಟಕ್’ ಎನ್ನುವ ಸದ್ದೂ ನಿಲ್ಲುತ್ತದೆ. ತೊಂದರೆ ಇರುವುದೇ ಇಲ್ಲಿ.

ಗುಳಿ ಬಿದ್ದಿರುವುದು ಬಟ್ಟಲಿನ ನಡುಮಧ್ಯದಲ್ಲಿ, ಅಂದರೆ ಹ್ಯಾಂಡಲ್ ನೇರವಾಗಿರುವ ಜಾಗದಲ್ಲಿ. ಅಲ್ಲಿನ ಸಡಿಲ ಹೋಗುವಷ್ಟು ನಟ್ ಬಿಗಿ ಮಾಡಿದರೆ, ಗುಳಿಯಿಲ್ಲದ ಪಕ್ಕದ ಜಾಗದಲ್ಲಿ ಅದು ವಿಪರೀತ ಬಿಗಿಯಾಗುತ್ತದೆ. ಗುಂಡುಗಳು ಗುಳಿಯಲ್ಲೇ ಕೂತು ಹೊರಬರಲು ಒಪ್ಪುವುದಿಲ್ಲ. ದ್ವಿಚಕ್ರ ವಾಹನ ನೇರವಾಗಿ ಹೋಗುವುದು ಹ್ಯಾಂಡಲ್ ಅಲುಗದೆ ಇರುವುದರಿಂದಲ್ಲ; ಕ್ಷಣಕ್ಷಣಕ್ಕೂ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ತಾನೇ ತಿದ್ದಿಕೊಳ್ಳುವುದರಿಂದ. ಆ ಸಣ್ಣ ತಿದ್ದುವಿಕೆಗೆ ಅಡ್ಡಿಯಾದರೆ ಗಾಡಿ ನಿಧಾನ ವೇಗದಲ್ಲಿ ಹಾವಿನಂತೆ ಹರಿಯುತ್ತದೆ. ತಿರುವಿಗೆ ಬಾಗಿಸಲು ಹೋದರೆ ಮೊದಲು ತಡೆದು, ಆಮೇಲೆ ಒಮ್ಮೆಲೇ ವಾಲುತ್ತದೆ. ಮೇಲಾಗಿ ಬಿಗಿ ಹೆಚ್ಚಾದಷ್ಟೂ ಗುಂಡುಗಳು ಇನ್ನಷ್ಟು ಒತ್ತಿ ಗುಳಿಯನ್ನು ಆಳ ಮಾಡುತ್ತವೆ.

ಸವೆಯದ ಬೇರಿಂಗ್ ತುಸು ಸಡಿಲಾಗಿದ್ದರೆ ಬಿಗಿ ಮಾಡುವುದು ಸರಿ. ಗುಳಿ ಬಿದ್ದಿದ್ದಕ್ಕೆ ಬಿಗಿ ಮಾಡುವುದು ರಿಪೇರಿಯಲ್ಲ, ರೋಗ ಮುಚ್ಚಿಡುವುದು. ಎರಡರಲ್ಲಿ ಯಾವುದು ಎಂದು ಮನೆಯ ಮುಂದೆ ನಿಂತೇ ತಿಳಿದುಕೊಳ್ಳಬಹುದು.

ಹತ್ತು ನಿಮಿಷದ ಪರೀಕ್ಷೆ

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಕೆಳಗೆ ಮರದ ಹಲಗೆ, ಕಟ್ಟಿಗೆ ತುಂಡು ಇಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ. ಭಾರ ಸೈಲೆನ್ಸರ್ ಬೆಂಡ್ ಮೇಲೆ ಬೀಳದಿರಲಿ. ಹಿಂದೆ ಒಬ್ಬರು ಹಿಡಿದುಕೊಂಡರೆ ಒಳ್ಳೆಯದು. ಹ್ಯಾಂಡಲ್ ಮೇಲೆ ಸ್ಟಿಯರಿಂಗ್ ಡ್ಯಾಂಪರ್‌ನ ತಿರುಪು ಇರುವ ಮಾದರಿಯಾದರೆ ಅದನ್ನು ಪೂರ್ತಿ ಸಡಿಲಿಸಿ.

ಮೊದಲನೆಯದು: ಎರಡೇ ಬೆರಳಲ್ಲಿ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗಬೇಕು. ನೇರವಾದ ಜಾಗಕ್ಕೆ ಬಂದಾಗ ‘ಕಟ್’ ಎಂದು ಕೂತುಕೊಂಡರೆ ಅದೇ ಗುಳಿ. ಮರಳು ಅರೆದಂತೆ ಅನಿಸಿದರೆ ತುಕ್ಕು. ಕೇಬಲ್‌ಗಳು ಎಳೆಯುತ್ತಿಲ್ಲ ಎಂಬುದನ್ನೂ ನೋಡಿಕೊಳ್ಳಿ. ಅವೂ ಹೀಗೇ ಮೋಸ ಮಾಡುತ್ತವೆ.

ಎರಡನೆಯದು: ಮುಂದೆ ಕೂತು ಫೋರ್ಕ್‌ನ ಎರಡೂ ಕಾಲುಗಳ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಇನ್ನೊಬ್ಬರು ಫ್ರೇಮಿನ ಕತ್ತು ಮತ್ತು ಫೋರ್ಕ್ ಕೂಡುವ ಸಂದಿಗೆ ಬೆರಳಿಟ್ಟುಕೊಳ್ಳಲಿ. ಆ ಸಂದಿಯಲ್ಲಿ ಚಲನೆ ಸಿಕ್ಕರೆ ತಪ್ಪು ಕೋನ್ ಸೆಟ್‌ನದು. ಸಂದಿ ಗಟ್ಟಿಯಾಗಿದ್ದು ಫೋರ್ಕ್ ಕಾಲುಗಳ ನಡುವೆಯೇ ಆಟ ಕಂಡರೆ ಸವೆದಿರುವುದು ಫೋರ್ಕ್ ಬುಷ್. ಚಕ್ರ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಆಟ ಸಿಕ್ಕರೆ ಚಕ್ರದ ಬೇರಿಂಗ್. ಇದನ್ನು ಬೇರ್ಪಡಿಸಿ ನೋಡದೆ ಖರ್ಚಿಗೆ ಇಳಿಯಬೇಡಿ.

ಫಲಿತಾಂಶ ಓದುವುದು ಹೀಗೆ: ಆಟ ಮಾತ್ರ ಇದೆ, ತಿರುಗುವುದು ನಯವಾಗಿದೆ ಎಂದರೆ ಬಿಚ್ಚಿ ಗ್ರೀಸ್ ಹಾಕಿ ಹೊಂದಿಸಿದರೆ ಸಾಕು. ನಡುವೆ ಗುಳಿ ಸಿಕ್ಕಿತು ಎಂದರೆ ಸೆಟ್ ಬದಲಿಸಲೇಬೇಕು.

ಕೊಳ್ಳುವಾಗ

ಪುಣೆಯ ನಾನಾ ಪೇಠ್, ಚೆನ್ನೈಯ ಪುದುಪೇಟೆ ಮತ್ತು ಜನರಲ್ ಪ್ಯಾಟರ್ಸ್ ರಸ್ತೆ, ದಿಲ್ಲಿಯ ಕರೋಲ್ ಬಾಗ್‌ನಲ್ಲಿ ಹಳೆಯ ಗಾಡಿಗಳ ಸಾಮಾನು ಹುಡುಕಬಹುದು. ಗುಂಡುಗಳಷ್ಟೇ ಬೇಕಾದರೆ ಬೇರಿಂಗ್ ಅಂಗಡಿಗಳೇ ಮೇಲು: ಮುಂಬೈಯಲ್ಲಿ ನಾಗ್ದೇವಿ ಬೀದಿ, ಸಿಕಂದರಾಬಾದಿನಲ್ಲಿ ರಾಣಿಗಂಜ್. ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆಯೂ ಇದೆ.

ಕೆಲವು ಮಾತು ನೆನಪಿರಲಿ. ಬರೀ ಗುಂಡು ಬದಲಿಸಿ ಹಳೆಯ ಬಟ್ಟಲು ಉಳಿಸಿಕೊಳ್ಳುವುದು ಹಣ ಉಳಿಸಿದಂತೆ ಕಾಣುತ್ತದೆ, ಆದರೆ ಗುಳಿ ಇರುವುದು ಬಟ್ಟಲಿನಲ್ಲಿ. ಹೊಸ ಗುಂಡು ಹಳೆಯ ಗುಳಿಯಲ್ಲೇ ಕೂರುತ್ತದೆ. ಮೇಲಿನದು, ಕೆಳಗಿನದು, ಬಟ್ಟಲು, ಕೋನ್, ಗುಂಡು ಎಲ್ಲ ಒಟ್ಟಿಗೆ ಬದಲಾಗಬೇಕು. ಹಳೆಯ ಸೆಟ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ವರ್ನಿಯರ್ ಇಟ್ಟು ಹೊರಗಿನ ವ್ಯಾಸ, ಎತ್ತರ, ಒಳವ್ಯಾಸ ಹೋಲಿಸಿ. ಹೊಳಪು ನೋಡಿ ಮರುಳಾಗಬೇಡಿ. ಮೆದು ಉಕ್ಕಿಗೂ ಪಾಲಿಶ್ ಹಾಕಬಹುದು. ನಯವಾದ ಅರವನ್ನು ಕೋನ್‌ನ ಬಳಕೆಗೆ ಬಾರದ ಅಂಚಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಹದ ಕೊಟ್ಟ ಉಕ್ಕಾದರೆ ಅರ ಜಾರುತ್ತದೆ, ಮೆದುವಾದರೆ ಕಚ್ಚುತ್ತದೆ. ಕಚ್ಚಿದರೆ ಆ ಸೆಟ್ ಬೇಡ.

ಗುಂಡುಗಳ ಗಾತ್ರ ಒಂದೇ ಇರಬೇಕು, ಹಳೆಯದು ಹೊಸದು ಬೆರೆಯಬಾರದು. ಒಂದು ಗುಂಡು ಕೂದಲೆಳೆಯಷ್ಟು ದಪ್ಪ ಇದ್ದರೂ ಭಾರವೆಲ್ಲ ಅದರ ಮೇಲೇ.

ಬಿಚ್ಚುವುದು

ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ. ಬ್ಯಾಟರಿ ತಂತಿ ಕಳಚಿ, ಪೆಟ್ರೋಲ್ ಟ್ಯಾಂಕ್ ತೆಗೆದು ಒಳಗಿಡಿ. ಸ್ಪ್ಯಾನರ್ ಜಾರಿದರೆ ಮೊದಲು ಪೆಟ್ಟಾಗುವುದು ಟ್ಯಾಂಕಿನ ಬಣ್ಣಕ್ಕೆ. ಹೆಡ್‌ಲೈಟ್ ಡೂಮ್ ಒಳಗಿನ ವೈರುಗಳನ್ನು ಬಿಡಿಸುವ ಮೊದಲು ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ನಲವತ್ತು ವರ್ಷದ ಗಾಡಿಯಲ್ಲಿ ವೈರಿನ ಬಣ್ಣ ಕಂಪನಿ ಹಾಕಿದ್ದೇ ಇರುತ್ತದೆ ಎಂಬ ನಂಬಿಕೆ ಬೇಡ.

ಕೇಬಲ್, ಮುಂದಿನ ಚಕ್ರ, ಮಡ್‌ಗಾರ್ಡ್, ಹ್ಯಾಂಡಲ್ ಈ ಕ್ರಮದಲ್ಲಿ ತೆಗೆಯುತ್ತ ಬನ್ನಿ. ಆಮೇಲೆ ಮೇಲಿನ ದೊಡ್ಡ ನಟ್, ಫೋರ್ಕ್ ಹಿಡಿದಿರುವ ಮೇಲಿನ ಬ್ರಿಡ್ಜ್, ಅದರ ಕೆಳಗೆ ಹೊಂದಿಸುವ ನಟ್. ಈ ಕೊನೆಯ ನಟ್ ಬಿಚ್ಚುವ ಮೊದಲು ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ. ಒಬ್ಬರು ಫೋರ್ಕನ್ನು ಕೆಳಗಿನಿಂದ ಎತ್ತಿ ಹಿಡಿದಿರಬೇಕು. ನಟ್ ಬಿಡುತ್ತಿದ್ದಂತೆ ಕಂಬ ಕೆಳಗೆ ಜಾರುತ್ತದೆ, ಕೆಳಗಿನ ಗುಂಡುಗಳು ಮಳೆಯಂತೆ ಉದುರುತ್ತವೆ.

ಉದುರಿದ್ದನ್ನು ಎಣಿಸಿ ಬರೆದುಕೊಳ್ಳಿ, ಮೇಲಿನದು ಬೇರೆ, ಕೆಳಗಿನದು ಬೇರೆ. ಆದರೆ ಆ ಸಂಖ್ಯೆಯೇ ಸರಿ ಎಂದುಕೊಳ್ಳಬೇಡಿ. ಹಿಂದೆ ಬಿಚ್ಚಿದವರು ಒಂದೆರಡು ಕಳೆದುಹಾಕಿ ಹಾಗೇ ಮುಚ್ಚಿರಬಹುದು. ಹಳೆಯ ಬುಲೆಟ್ ಆದರೆ ಲೆಕ್ಕ ಸುಲಭ: ಕಾಲು ಇಂಚಿನ, ಅಂದರೆ 6.35 ಮಿ.ಮೀ. ಗುಂಡು ಮೇಲೆ 19, ಕೆಳಗೆ 19. ಬೇರೆ ಗಾಡಿಗಳಿಗೆ ಒಂದು ಸಾಮಾನ್ಯ ನಿಯಮವಿದೆ. ಗುಂಡುಗಳನ್ನು ಸಾಲಾಗಿ ಕೂರಿಸಿದ ಮೇಲೆ ಇನ್ನೊಂದು ಗುಂಡು ಹಿಡಿಯುವುದಕ್ಕಿಂತ ಸ್ವಲ್ಪ ಕಡಿಮೆ ಜಾಗ ಉಳಿಯಬೇಕು. ಜಾಗವೇ ಇಲ್ಲದೆ ಒತ್ತಿಕೊಂಡರೆ ಉರುಳುವುದಿಲ್ಲ. ಎರಡು ಗುಂಡಿನ ಜಾಗ ಖಾಲಿ ಉಳಿದರೆ ಲೆಕ್ಕ ತಪ್ಪಿದೆ.

ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒರೆಸಿ. ಬಟ್ಟಲಿನ ಹಾದಿಯಲ್ಲಿ ಬಾಲ್ ಪೆನ್ನಿನ ಮೊನೆ ಆಡಿಸಿ. ಕಣ್ಣಿಗೆ ಕಾಣದ ಗುಳಿಯೂ ಮೊನೆಗೆ ಸಿಗುತ್ತದೆ.

ಕೂರಿಸುವುದು

ಹಳೆಯ ಬಟ್ಟಲು ತೆಗೆಯಲು ಕೊಳವೆಯ ಇನ್ನೊಂದು ತುದಿಯಿಂದ ಉದ್ದನೆಯ ಸರಳು ತೂರಿಸಿ ಬಟ್ಟಲಿನ ಒಳ ಅಂಚಿಗೆ ಬಡಿಯಬೇಕು. ಒಂದೇ ಕಡೆ ಬಡಿದರೆ ಬಟ್ಟಲು ಓರೆಯಾಗಿ ಫ್ರೇಮಿನ ಬಾಯಿ ಗೀಚಿಹೋಗುತ್ತದೆ. ಆ ಬಾಯಿ ಅಗಲವಾದರೆ ಹೊಸ ಬಟ್ಟಲು ಎಂದೂ ಗಟ್ಟಿಯಾಗಿ ಕೂರುವುದಿಲ್ಲ, ಮುಚ್ಚಿಹೋದ ಕಾರ್ಖಾನೆಯಿಂದ ಹೊಸ ಫ್ರೇಮೂ ಸಿಗುವುದಿಲ್ಲ. ಎದುರುಬದುರು ಸ್ವಲ್ಪ ಸ್ವಲ್ಪವೇ ಬಡಿಯಿರಿ.

ಹೊಸ ಬಟ್ಟಲುಗಳನ್ನು ಹಿಂದಿನ ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ. ತಂಪಿಗೆ ಉಕ್ಕು ಕೂದಲಷ್ಟು ಕುಗ್ಗುತ್ತದೆ, ಅಷ್ಟು ಸಾಕು. ಸುತ್ತಿಗೆಗಿಂತ ಒಳ್ಳೆಯ ಉಪಾಯವೂ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಉದ್ದನೆಯ ಥ್ರೆಡ್ ರಾಡ್, ಎರಡು ನಟ್, ಎರಡು ದಪ್ಪ ವಾಷರ್ ತಂದುಕೊಳ್ಳಿ. ರಾಡನ್ನು ಕೊಳವೆಯೊಳಗೆ ತೂರಿಸಿ, ಒಂದು ತುದಿಗೆ ಬಟ್ಟಲು ಮತ್ತು ವಾಷರ್ ಇಟ್ಟು ನಟ್ ತಿರುಗಿಸುತ್ತ ಹೋದರೆ ಬಟ್ಟಲು ನೇರವಾಗಿ ಒಳಗೆ ಎಳೆದುಕೊಳ್ಳುತ್ತದೆ. ವಾಷರ್ ಒತ್ತಬೇಕಾದ್ದು ಬಟ್ಟಲಿನ ಹೊರ ಅಂಚನ್ನು, ಗುಂಡು ಉರುಳುವ ಹಾದಿಯನ್ನಲ್ಲ. ಸುತ್ತಿಗೆಯಿಂದಲೇ ಮಾಡುವುದಾದರೆ ಹಳೆಯ ಬಟ್ಟಲನ್ನು ನಡುವೆ ಇಟ್ಟು ಬಡಿಯಿರಿ, ಪೂರ್ತಿ ಕೂತಾಗ ಸದ್ದು ಬದಲಾಗಿ ಗಟ್ಟಿಯಾಗುತ್ತದೆ. ಕಂಬದ ಬುಡದ ಕೋನ್ ಕೂರಿಸಲು ಅದರ ಒಳ ಅಂಚಿಗೆ ಮಾತ್ರ ತಾಗುವ ಕಬ್ಬಿಣದ ಪೈಪ್ ತುಂಡು ಬೇಕು. ಲೇಥ್ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ.

ಗ್ರೀಸಿಗೆ ಜಿಪುಣತನ ಬೇಡ. ನೀರಿಗೆ ಜಗ್ಗದ ಒಳ್ಳೆಯ ಲಿಥಿಯಂ ಗ್ರೀಸ್ ದಪ್ಪಗೆ ಮೆತ್ತಿ ಅದರಲ್ಲಿ ಗುಂಡುಗಳನ್ನು ಒಂದೊಂದಾಗಿ ಅಂಟಿಸಿ. ಕಂಬ ಮೇಲೆತ್ತುವಾಗ ಅವು ಉದುರದಂತೆ ಹಿಡಿದಿಡುವುದೂ ಗ್ರೀಸೇ. ಒಳಗೆ ಹೋದ ಮೇಲೆ ತಟ್ಟೆಯಲ್ಲಿ ಒಂದು ಗುಂಡು ಉಳಿದಿದ್ದರೆ ಮತ್ತೆ ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ.

ಬಿಗಿಯ ಹದ

ಇಡೀ ಕೆಲಸದ ಜೀವಾಳ ಇದು. ಹೊಂದಿಸುವ ನಟ್ಟನ್ನು ಮೊದಲು ಸ್ವಲ್ಪ ಬಿಗಿ ಮಾಡಿ ಹ್ಯಾಂಡಲನ್ನು ತುದಿಯಿಂದ ತುದಿಗೆ ಹತ್ತಾರು ಸಲ ತಿರುಗಿಸಿ, ಎಲ್ಲ ಗುಂಡುಗಳೂ ತಮ್ಮ ಜಾಗ ಹಿಡಿಯಲಿ. ಆಮೇಲೆ ನಟ್ ಸಡಿಲಿಸಿ, ಆಟ ಈಗಷ್ಟೇ ಮಾಯವಾಯಿತು ಅನ್ನುವಲ್ಲಿಗೆ ಮತ್ತೆ ತನ್ನಿ. ಅದಕ್ಕಿಂತ ಒಂದು ಎಳೆಯೂ ಹೆಚ್ಚು ಬೇಡ. ಮೇಲಿನ ದೊಡ್ಡ ನಟ್ ಬಿಗಿ ಮಾಡಿದಾಗ ಒಳಗಿನ ಹದವೂ ತುಸು ಬಿಗಿಯಾಗುತ್ತದೆ, ಆದ್ದರಿಂದ ಅದನ್ನು ಬಿಗಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಎರಡು ಮೂರು ಸಲ ತಿದ್ದಬೇಕಾಗಬಹುದು.

ಹದ ಬಂದಿದೆಯೋ ಇಲ್ಲವೋ ಗಾಡಿಯೇ ಹೇಳುತ್ತದೆ. ಚಕ್ರ ನೆಲದಿಂದ ಮೇಲಿರುವಾಗ ಹ್ಯಾಂಡಲನ್ನು ನೇರವಾಗಿಟ್ಟು ಒಂದು ಬೆರಳಲ್ಲಿ ಪಕ್ಕಕ್ಕೆ ತಟ್ಟಿ. ತನ್ನ ಭಾರಕ್ಕೇ ಅದು ಆ ಕಡೆ ವಾಲಿ ತುದಿ ಮುಟ್ಟಬೇಕು, ಬಲಕ್ಕೂ ಎಡಕ್ಕೂ ಒಂದೇ ರೀತಿ. ನಡುವೆ ನಿಂತರೆ ಬಿಗಿ ಹೆಚ್ಚು. ಫೋರ್ಕ್ ಹಿಡಿದು ಎಳೆದಾಗ ‘ಟಕ್’ ಎಂದರೆ ಬಿಗಿ ಕಡಿಮೆ.

ರೋಲರ್ ಹಾಕಿಸಬಹುದೆ?

ಗುಂಡಿನ ಬದಲು ಟೇಪರ್ ರೋಲರ್ ಹಾಕಿಸಿ ಎಂಬ ಸಲಹೆ ಬರುತ್ತದೆ. ತರ್ಕ ಸರಿಯಾಗಿಯೇ ಇದೆ: ಗುಂಡು ಚುಕ್ಕಿಯಷ್ಟು ಜಾಗಕ್ಕೆ ತಾಗಿದರೆ ರೋಲರ್ ಒಂದು ಗೆರೆಯುದ್ದಕ್ಕೂ ತಾಗುತ್ತದೆ, ಭಾರ ಹಂಚಿಹೋಗುತ್ತದೆ, ಗುಳಿ ಬೀಳುವುದು ತಡವಾಗುತ್ತದೆ. ನಿಮ್ಮ ಮಾದರಿಗೆಂದೇ ಮಾಡಿದ ಸೆಟ್ ಸಿಕ್ಕಿ, ಅದರ ಎತ್ತರ ಹಳೆಯದಕ್ಕೆ ಸರಿಹೋದರೆ ಹಾಕಿಸಬಹುದು. ಎತ್ತರ ಹೆಚ್ಚಾದರೆ ಮೇಲಿನ ನಟ್‌ಗೆ ಸಾಕಷ್ಟು ಥ್ರೆಡ್ ಸಿಗುವುದಿಲ್ಲ, ಅದು ಅಪಾಯ. ಅದನ್ನು ಕೂರಿಸಲು ಫ್ರೇಮಿನ ಕತ್ತನ್ನು ಲೇಥ್‌ಗೆ ಕೊಟ್ಟು ಕೊರೆಸಬೇಕು ಎಂದರೆ ಬೇಡ ಎನ್ನುವುದೇ ಮೇಲು. ಕೊರೆದ ಲೋಹ ಮತ್ತೆ ಬರುವುದಿಲ್ಲ. ಮೇಲಾಗಿ ಟೇಪರ್ ರೋಲರ್ ಕೂಡ ಮಿತಿಮೀರಿ ಬಿಗಿ ಮಾಡಿದರೆ ಗುಂಡಿನಂತೆಯೇ ಹಾಳಾಗುತ್ತದೆ.

ಮೂಲ ಗುಂಡುಗಳನ್ನು ಸರಿಯಾಗಿ ಕೂರಿಸಿ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಹತ್ತು ನಿಮಿಷದ ಪರೀಕ್ಷೆ ಮಾಡಿದರೆ ಅವು ದೀರ್ಘಕಾಲ ಬರುತ್ತವೆ. ತೊಳೆಸುವಾಗ ಕತ್ತಿನ ಮೇಲೆ ಪಂಪ್ ಹಿಡಿಯಬೇಡಿ ಎಂದು ಹೇಳುವುದಕ್ಕೆ ಖರ್ಚೇನೂ ಇಲ್ಲ.

ಹೊಸ ಸೆಟ್ ಹಾಕಿದ ಮೊದಲ ದಿನ ಗಾಡಿ ಅಪರಿಚಿತ ಅನಿಸಬಹುದು. ಹ್ಯಾಂಡಲ್ ಹಗುರ, ತಿರುವು ಸಲೀಸು. ಇಷ್ಟು ವರ್ಷ ಗುಳಿಯ ಜೊತೆ ಗುದ್ದಾಡುತ್ತಿದ್ದ ತೋಳಿಗೆ ಕೆಲಸವೇ ಇಲ್ಲ. ಹಾಗಾಗಿ ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಹಿಡಿದು ನೋಡಿ, ಆಮೇಲೆ ಟ್ರಾಫಿಕ್‌ಗೆ ಇಳಿಯಿರಿ. ಕೆಲವು ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಹೊಸ ಬಟ್ಟಲುಗಳು ಇನ್ನೊಂದಿಷ್ಟು ಕೂತು ಸ್ವಲ್ಪ ಆಟ ಬರುತ್ತದೆ. ಅದು ಸಹಜ. ಆಗ ನಟ್ಟನ್ನು ಒಂದಿಷ್ಟೇ ತಿರುಗಿಸಿ ಹದಕ್ಕೆ ತನ್ನಿ. ಟೈಟ್ ಮಾಡುವುದು ನಿಜವಾಗಿ ರಿಪೇರಿ ಎನಿಸಿಕೊಳ್ಳುವುದು ಆಗಲೇ.